ಆಡು ತಿಂದ ನಕಾಶೆ

ಸರಸಂಬಾ, ತಾಲೂಕು ಆಳಂದ
17 ಡಿಸೆಂಬರ್ 2025, ಬುಧವಾರ

ಪ್ರೀತಿಯ ತಮ್ಮ ಸಿದ್ದರಾಮನಿಗೆ,

ಕಣ್ಣು ಹೇಗಿದೆ? ಮೋತಿಬಿಂದು ತೆಗೆಸಿಕೊಂಡು ಇಪ್ಪತ್ತು ದಿನವಾಯಿತು, ಪಟ್ಟಿ ಬಿಚ್ಚಿದರೋ ಇಲ್ಲವೋ ನಮಗೆ ಯಾರೂ ತಿಳಿಸಿಲ್ಲ. ಓದಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ, ನೀನು ಕದ್ದು ಓದುತ್ತಿರುತ್ತೀ, ನನಗೆ ಗೊತ್ತಿಲ್ಲವೇ. ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳಬೇಡ. ನನ್ನ ಮೊಣಕಾಲು ಇದ್ದ ಹಾಗೇ ಇವೆ. ನಿನ್ನ ಅತ್ತಿಗೆ ಹಣಮವ್ವ ಆರಾಮ ಇದ್ದಾಳೆ, ಅವಳ ಬಾಯಿ ಇನ್ನೂ ಆರಾಮ ಇದೆ. ತೊಗರಿ ಕೊಯ್ಲು ನಡೆದಿದೆ, ಕಾಯಿ ಚೆನ್ನಾಗಿ ತುಂಬಿದೆ. ಈ ಪತ್ರವನ್ನು ಹೆಂಡತಿ ಸುವರ್ಣಾಳ ಕೈಗೆ ಕೊಟ್ಟು ಓದಿಸಬೇಡ. ಎರಡು ದಿನ ತಡವಾದರೂ ಸರಿ, ನೀನೇ ಓದು.

ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀ. ಫೋನಿನಲ್ಲಿ ನನಗೆ ಸಿಟ್ಟು ಬರುತ್ತದೆ, ನಿನಗೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ನಾಳೆ ಕೆಲಸಕ್ಕೆಂದು ಜೇವರ್ಗಿಗೆ ಹೊರಟಿರುವ ಚಂದಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮಾತು ಮೊಮ್ಮಗಳು ಅಮೃತಳದು. ಏಳನೇ ಇಯತ್ತೆಗೆ ಬಂದಿದ್ದಾಳೆ, ನಿನಗೆ ಗೊತ್ತೇ ಇದೆ. ಅವಳಿಗೆ ಇತಿಹಾಸ ಕಲಿಸುವ ನಸ್ರೀನ ಟೀಚರು ಜೇವರ್ಗಿಯಲ್ಲಿ ನಿನ್ನ ಕೈಯಲ್ಲೇ ಕಲಿತವಳಂತೆ, ಅದೂ ನಿನಗೆ ಗೊತ್ತು. ಆ ಹೆಣ್ಣುಮಗಳು ಮಕ್ಕಳಿಗಾಗಿ ಒಂದು ಬ್ಲಾಗ್ ಮಾಡಿದ್ದಾಳೆ. ಹಿಂದೆ ನಮ್ಮ ಶಾಲೆಯ ಗೋಡೆಗೆ ಕಾಗದ ಅಂಟಿಸುತ್ತಿದ್ದರಲ್ಲ, ಅದನ್ನೇ ಈಗ ಮೊಬೈಲಿನ ಒಳಗೆ ಅಂಟಿಸುತ್ತಾರೆ. ಗೋಡೆಯ ಮೇಲಿನದು ಮಳೆಗೆ ಹೋಗುತ್ತಿತ್ತು, ಇದು ಹೋಗುವುದಿಲ್ಲ. ಆಡೂ ತಿನ್ನುವುದಿಲ್ಲ. ಮಕ್ಕಳು ಮನೆ ಮನೆಗೆ ಹೋಗಿ ಬೀಸುವ ಕಲ್ಲು, ಹಳೇ ಕಾಗದ, ಮುದುಕರ ಮಾತು ಎಲ್ಲವನ್ನೂ ತಂದು ಅದರಲ್ಲಿ ಹಾಕುತ್ತಾರೆ. ರಾಜರ ಇತಿಹಾಸ ಬೇರೆ, ನಮ್ಮೂರ ಇತಿಹಾಸ ಬೇರೆ ಎಂದು ಟೀಚರು ಹೇಳುತ್ತಾಳಂತೆ. ಮೊದಮೊದಲು ನನಗೂ ಖುಷಿಯಾಗಿತ್ತು. ನಮ್ಮ ಕೂರಿಗೆಯ ಫೋಟೋ ತೆಗೆದುಕೊಂಡು ಹೋದರು, ಕೆಳಗೆ ನನ್ನ ಹೆಸರನ್ನೂ ಹಾಕಿದರು.

ಹೋದ ತಿಂಗಳು ಶಾಲೆಯ ಕಪಾಟು ಸ್ವಚ್ಛ ಮಾಡುವಾಗ ಹಳೇ ರಿಜಿಸ್ಟರ್ ಸಿಕ್ಕಿದೆ. ಅದರ ಪುಟಗಳ ಫೋಟೋ ತೆಗೆದು ಅದನ್ನೂ ಬ್ಲಾಗಿನಲ್ಲಿ ಹಾಕಿದರು. ಮಕ್ಕಳೆಲ್ಲ ತಮ್ಮ ತಮ್ಮ ಅಜ್ಜಂದಿರನ್ನು ಹುಡುಕಲು ಕುಳಿತರು. ಯಾರಿಗೂ ಕೆಟ್ಟದ್ದೇನೂ ಸಿಗಲಿಲ್ಲ, ಒಬ್ಬನು ದನ ಕಾಯಲು ಹೋದ, ಒಬ್ಬನಿಗೆ ಮೈಲಿ ಬೇನೆ ಎದ್ದಿತ್ತು. ನನ್ನ ಸಾಲಿನಲ್ಲಿ ಹೀಗಿದೆ: ಬಸವಂತರಾಯ, ಐದನೇ ಇಯತ್ತೆ, 1967, ಶಾಲೆ ಬಿಟ್ಟ ಕಾರಣ, ನಕಾಶೆ ಕಳವು ಮತ್ತು ಉದ್ಧಟತನ. ಅಬ್ದುಲ್ ಗನಿ ಮಾಸ್ತರರ ಅಕ್ಷರ. ಎಂಥ ಚಂದದ ಅಕ್ಷರ ಎಂದು ಮಕ್ಕಳು ಕೆಳಗೆ ಬರೆದಿದ್ದಾರೆ.

ಅಮೃತ ಅಂದು ಬಂದವಳೇ ಮೊಬೈಲನ್ನು ನನ್ನ ಮುಂದೆ ಹಿಡಿದಳು. “ಅಜ್ಜಾ, ಇದು ಖರೇನಾ?” ಎಂದಳು. ನನ್ನ ಬುದ್ಧಿ ನಿನಗೆ ಗೊತ್ತಲ್ಲ. “ಹೌದು, ನಾನೇ ಕದ್ದೀನಿ, ಏನೀಗ?” ಎಂದು ಒದರಿದೆ. ಹುಡುಗಿ ರೊಟ್ಟಿ ಬಿಟ್ಟು ಎದ್ದು ಹೋದಳು. ಈಗ ಶಾಲೆಯಲ್ಲಿ ಅವಳನ್ನು ನಕಾಶೆ ಕಳ್ಳನ ಮೊಮ್ಮಗಳು ಎನ್ನುತ್ತಾರಂತೆ. ನಿನ್ನ ಅತ್ತಿಗೆ ಮೂರು ದಿನದಿಂದ ನನ್ನ ಮುಖ ನೋಡದೆ ಬಡಿಸುತ್ತಿದ್ದಾಳೆ. “ಐವತ್ತೆಂಟು ವರ್ಸ ಸಂಸಾರ ಮಾಡಿದ್ರ ಇದೂ ಗೊತ್ತಾಗ್ತಿತ್ತೇನೋ, ನಾ ಬರೀ ನಲವತ್ತೇಳು ವರ್ಸ ಮಾಡೀನಿ” ಎನ್ನುತ್ತಾಳೆ.

ಆಮೇಲೆ ನಿನ್ನ ಲೇಖನ. ಟೀಚರು ನಿನ್ನಿಂದ ಬರೆಸಿ ಹಾಕಿದ್ದನ್ನು ಅಮೃತಳಿಂದಲೇ ಓದಿಸಿ ಕೇಳಿದೆ. ಎರಡು ಸಲ. ಚೆನ್ನಾಗಿ ಬರೆದಿದ್ದೀ, ಅದಕ್ಕೆ ಕೊಂಕಿಲ್ಲ. ಗೋಡೆಯ ಮೇಲೆ ರಾಜ್ಯದ ಆಳೆತ್ತರದ ನಕಾಶೆ ಇತ್ತು, ವಾರ್ನಿಶ್ ಹಚ್ಚಿದ ಬಟ್ಟೆಯದು, ಅದನ್ನು ನೋಡಿ ನೋಡಿಯೇ ನಾನು ಇತಿಹಾಸದ ಮಾಸ್ತರನಾದೆ ಎಂದು ಬರೆದಿದ್ದೀ. ಒಂದು ದಿನ ಅದು ಕಾಣೆಯಾಯಿತು, ಅಂದು ನಾನು ಅತ್ತೆ ಎಂದೂ ಬರೆದಿದ್ದೀ. ಕಾಣೆಯಾಯಿತು. ಸಿದ್ದರಾಮ, ಅತ್ತದ್ದು ಖರೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ನಸ್ರೀನ ಟೀಚರು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದಾಳೆ. ರಿಜಿಸ್ಟರ್ ಪುಟ ಒಂದು ಕಡೆ, ನಿನ್ನ ಲೇಖನ ಒಂದು ಕಡೆ ಇಟ್ಟುಕೊಂಡು, ನಮ್ಮ ಶಾಲೆಯ ನಕಾಶೆ ಏನಾಯಿತು ಎಂಬುದನ್ನು ಬರೆಯಬೇಕು. ಯಾರು, ಯಾವಾಗ, ಯಾಕೆ. ಬರುವ ಸೋಮವಾರ ಬ್ಲಾಗಿನಲ್ಲಿ ಬರುತ್ತದೆ. ಆ ಬರೆಯುವ ಪಾಳಿ ಅಮೃತಳಿಗೇ ಬಂದಿದೆ. ಬೇರೆಯವರು ಬರೆದರೆ ಅವಳಿಗೆ ನೋವಾಗುತ್ತದೆಂದು ಟೀಚರು ಅವಳಿಗೇ ಕೊಟ್ಟಳಂತೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದಕ್ಕೆ ನಾನು ಯಾರ ಮೇಲೆ ಸಿಟ್ಟು ಮಾಡಲಿ?

ನಿನಗೆ ಮರೆತಿರಲಿಕ್ಕಿಲ್ಲ, ಆದರೂ ಬರೆಯುತ್ತೇನೆ. ನೀನು ಮೂರನೇ ಇಯತ್ತೆ. ಶನಿವಾರ ಶಾಲೆ ಬಿಟ್ಟ ಮೇಲೆ ನೀನೇ ನಕಾಶೆಯನ್ನು ಸುತ್ತಿ ಮನೆಗೆ ತಂದೆ, ನೋಡಿ ಬರೆದುಕೊಂಡು ಸೋಮವಾರ ಇಟ್ಟುಬಿಡುತ್ತೇನೆ ಎಂದೆ. ರವಿವಾರ ಮಾಳಿಗೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಇಟ್ಟು, ಮಧ್ಯಾಹ್ನದ ತನಕ ಗೀಚಿದೆ. ಅವ್ವ ಊಟಕ್ಕೆ ಕರೆದಳು. ನಾವು ತಿರುಗಿ ಬರುವಷ್ಟರಲ್ಲಿ ಕರೀ ಆಡು ಮೈಸೂರಿನಿಂದ ತಿನ್ನುತ್ತ ತಿನ್ನುತ್ತ ರಾಯಚೂರಿನ ತನಕ ಬಂದಿತ್ತು. ನಮ್ಮ ಗುಲಬರ್ಗಾ, ಮೇಲೆ ಬೀದರ ಅಷ್ಟೇ ಉಳಿದಿದ್ದವು. ಉಳಿದದ್ದನ್ನು ಬಣವೆಯಲ್ಲಿ ತುರುಕಿದೆವು. ಸೋಮವಾರ ಮಾಸ್ತರರು ಎಲ್ಲರನ್ನೂ ನಿಲ್ಲಿಸಿ ಕೇಳಿದಾಗ ನಿನ್ನ ಚಡ್ಡಿ ಒದ್ದೆಯಾಯಿತು. ನಾನು ಬಾಯಿ ತೆಗೆದೆ. “ನಾನೇ ತಗೊಂಡೀನ್ರಿ, ಏನ್ ಮಾಡ್ತೀರಿ ಮಾಡ್ರಿ” ಎಂದೆ. ಕಳವಿಗೆ ನಾಲ್ಕು ಛಡಿ ಏಟು ಬಿದ್ದು ಮುಗಿಯುತ್ತಿತ್ತು. ಆ ಕೊನೆಯ ಮಾತಿಗೆ ಶಾಲೆ ಹೋಯಿತು. ಅಪ್ಪ ಬಂದು ಕೈಹಿಡಿದು ಹೊಲಕ್ಕೆ ಕರೆದುಕೊಂಡು ಹೋದ.

ನಾನು ದೊಡ್ಡ ತ್ಯಾಗ ಮಾಡಿದೆ ಎಂದು ಹೇಳುತ್ತಿಲ್ಲ. ನನಗೆ ಹದಿಮೂರರ ಮಗ್ಗಿ ಬರುತ್ತಿರಲಿಲ್ಲ, ಇಂದಿಗೂ ಬರುವುದಿಲ್ಲ. ಹೊಲ ನನಗೆ ಒಗ್ಗಿತು. ಮೊದಲ ಎರಡು ತಿಂಗಳು ಮಾತ್ರ ಪ್ರಾರ್ಥನೆಯ ಗಂಟೆ ಕೇಳಿದರೆ ಎತ್ತು ನಿಲ್ಲಿಸುತ್ತಿದ್ದೆ, ಆಮೇಲೆ ಅದೂ ಬಿಟ್ಟಿತು. ಅಫಜಲಪುರದಲ್ಲಿ ನಿನಗೆ ಮೊದಲ ನೌಕರಿ ಸಿಕ್ಕಾಗ ನಿನ್ನ ಟ್ರಂಕು ಹೊತ್ತು ನಾನೇ ಬಂದಿದ್ದೆ. ನಿನ್ನ ಕ್ಲಾಸಿನೊಳಗೆ ಬಂದು ನಿಂತಾಗ ಗೋಡೆಯ ಮೇಲೆ ಹೊಸ ನಕಾಶೆ ಇತ್ತು. ನಾನು ಅದನ್ನು ನೋಡುತ್ತಿದ್ದುದನ್ನು ನೀನು ನೋಡಿದೆ. ನೋಡಿ, ತಿರುಗಿ, ಏನೂ ಬರೆಯದ ಬೋರ್ಡು ಒರೆಸತೊಡಗಿದೆ. ಈಗ ಹೇಳುತ್ತೀ, ಈಗ ಹೇಳುತ್ತೀ ಎಂದು ನಾನು ಬಸ್ಸು ಬರುವ ತನಕ ಕಾದೆ. ಬಸ್ಸು ಬಂತು.

ಮೊನ್ನೆ ಶಾಲೆಗೂ ಹೋಗಿ ಬಂದೆ. ಜಗಳ ಮಾಡಬೇಕೆಂದೇ ಹೋದೆ. ನಸ್ರೀನ ಟೀಚರು ಎದ್ದು ನಿಂತು ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ನನ್ನ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಆ ಪುಟ ತೆಗೆ ತಾಯಿ ಎಂದೆ. “ಅಜ್ಜಾರ, ದಾಖಲಿ ತೆಗೆಯಾಕ ಆಗಂಗಿಲ್ರಿ. ತಪ್ಪದ ಅಂದ್ರ ಆವತ್ತ ನೋಡಿದವರನ್ನ ಕರಕೊಂಡು ಬರ್ರಿ, ಅವರ ಮಾತೂ ಬಾಜೂಕ ಹಾಕ್ತೀವಿ” ಎಂದಳು. ನೋಡಿದವರು ಯಾರಿದ್ದಾರೆ? ಮಾಸ್ತರರು ಹೋದರು, ಅಪ್ಪ ಅವ್ವ ಹೋದರು, ಆಡಂತೂ ಆ ವರ್ಷವೇ ಹೋಯಿತು. ನಿನ್ನ ಹೆಸರು ಬಾಯಿಯ ತನಕ ಬಂದಿತ್ತು. ಅವಳ ಮೇಜಿನ ಗಾಜಿನ ಕೆಳಗೆ ನಿನ್ನ ಜೊತೆ ತೆಗೆಸಿಕೊಂಡ ಫೋಟೋ ಇಟ್ಟಿದ್ದಾಳೆ. ನೀರಿನ ಲೋಟ ಇಟ್ಟು ಎದ್ದು ಬಂದೆ. ಐದನೇ ಇಯತ್ತೆಯಲ್ಲಿ ಬಾಯಿ ಬಂತು, ಅರವತ್ತೊಂಬತ್ತಕ್ಕೆ ಬರಲಿಲ್ಲ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅವಳು ನಿನ್ನ ಮಾತು ಮೀರುವುದಿಲ್ಲ. ಆ ಪುಟವನ್ನೂ ನಿನ್ನ ಲೇಖನವನ್ನೂ ತೆಗೆದು ಮಕ್ಕಳಿಗೆ ಬೇರೆ ಕೆಲಸ ಕೊಡು ಎಂದು ಹೇಳು, ಸಾಕು. ಮತ್ತೇನೂ ಬೇಡ. ನಿನಗೆ ಜೇವರ್ಗಿಯಲ್ಲಿ ಮಾನವಿದೆ, ಇರಲಿ.

ಸುವರ್ಣಾಳಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ. ಹೊಸ ಬೇಳೆ ಒಡೆಸಿದ ಮೇಲೆ ಒಂದು ಚೀಲ ಕಳಿಸುತ್ತೇನೆ. ಕಣ್ಣಿಗೆ ಹೊಗೆ ತಾಗಿಸಿಕೊಳ್ಳಬೇಡ.

ನಿನ್ನ ಅಣ್ಣ,
ಬಸವಂತರಾಯ

ತಾ.ಕ.: ಬೆಳಗಾಯಿತು, ಚಂದಪ್ಪ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದು ಬಿಡು, ಪುಟ ತೆಗೆಸಬೇಡ. ಯಾಕೆ ಕದ್ದೆ ಎಂದು ಅಮೃತ ಮೊನ್ನೆ ಕೇಳಿದ್ದಕ್ಕೆ, ಹೊಲಕ್ಕೆ ರೊಟ್ಟಿ ಕಟ್ಟಿಕೊಳ್ಳಲು ಅರಿವೆ ಬೇಕಾಗಿತ್ತು ಎಂದು ಹೇಳಿದ್ದೆ. ಅವಳು ಬರೆದುಕೊಂಡಿದ್ದಳು. ಈಗ ಲಕೋಟೆಗೆ ಅಂಟು ಕೇಳಲು ಹೋದರೆ, ಎದುರಿಗೆ ನಿನ್ನ ಲೇಖನ ಇಟ್ಟುಕೊಂಡು ಕುಳಿತಿದ್ದಾಳೆ. “ಅಜ್ಜಾ, ವಾರ್ನಿಶ್ ಹಚ್ಚಿದ ಅರಿವಿ ಮಡಚಿದ್ರ ಮುರೀತದ. ಅದರಾಗ ರೊಟ್ಟಿ ಹ್ಯಾಂಗ ಕಟ್ತಿದ್ದಿ?” ಎಂದಳು. ಐವತ್ತೆಂಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಬರೆದದ್ದನ್ನು ಹೊಡೆದು ಹಾಕಿದ್ದಾಳೆ. ರವಿವಾರ ನಿನಗೆ ಫೋನ್ ಮಾಡುತ್ತಾಳೆ. ನಂಬರು ನಾನು ಕೊಟ್ಟಿಲ್ಲ, ಲೇಖನದ ಕೆಳಗೇ ಇದೆಯಂತೆ. ಎತ್ತು. ನೀನು ಏನು ಹೇಳುತ್ತೀಯೋ ಅದನ್ನೇ ನಾನೂ ಹೇಳುತ್ತೇನೆ. ಅಣ್ಣನೇ ಕದ್ದ ಎಂದರೂ ಹೂಂ ಎನ್ನುತ್ತೇನೆ, ಆಡಿನ ಮಾತು ಹೇಳಿದರೂ ಹೂಂ ಎನ್ನುತ್ತೇನೆ. ಕಾಣೆಯಾಯಿತು ಎಂದು ಮಾತ್ರ ಹೇಳಬೇಡ. ಹೇಗೆ ಎಂದು ಕೇಳುತ್ತಾಳೆ.