ರುಕ್ಮಾ ಕೊಟ್ಟ ನೀರು

ಹುಮನಾಬಾದ, ೧೪ ನವೆಂಬರ್ ೧೯೪೮, ರವಿವಾರ

ಬೀಗತಿ ಗಯಾಬಾಯಿಯ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ದರೋಡೆಕೋರರು ಹೊತ್ತೊಯ್ದಿದ್ದ ನನ್ನ ಮೊಮ್ಮಗಳು ರುಕ್ಮಾಳನ್ನು ಐದು ತಿಂಗಳ ಮೇಲೆ ಪೊಲೀಸರು ಬಿಡಿಸಿ ತಂದಿದ್ದಾರೆ. ನೋಡಲು ಬಂದ ಗಯಾಬಾಯಿ ನೆರೆಯವರೆದುರೇ ಅವಳನ್ನು ಕೇಳಿದಳು:

"ದಿನಾ ಒಬ್ಬಾಕಿನೇ ಬಾವಿಗಿ ಹೋಗತಿದ್ದಿ ಅಂತಲ್ಲ, ಯಾಕ ಓಡಿ ಬರಲಿಲ್ಲ?"

ರುಕ್ಮಾ ತಲೆ ತಗ್ಗಿಸಲಿಲ್ಲ. "ಓಡಿದರ ಮನೀಗಿ ಬೆಂಕಿ ಹಚ್ಚತೀವಿ ಅಂದಿದ್ರರಿ. ಹೋದರೂ ನಿಮ್ಮ ಆಯಿ ನಿನಗ ಒಳಗ ತಗೋಳಲ್ಲ ಅಂದ್ರು. ಅದು ಖರೆ ಅನಿಸ್ತರಿ."

ಆ ಆಯಿ ನಾನೇ, ಅವಳ ಅಜ್ಜಿ. ನಾನು ಅವಳ ಕೈಗೆ ತಂಬಿಗೆ ಕೊಟ್ಟು ಎಲ್ಲರಿಗೂ ನೀರು ಕೊಡಲು ಹೇಳಿದೆ. ಗಯಾಬಾಯಿ ಕೈ ಚಾಚಲಿಲ್ಲ.

"ಈ ಮನ್ಯಾಗ ಇನ್ನ ನೀರು ಕೊಡಾಕಿ ಈಕಿನೇ. ಬ್ಯಾಡಾದವರಿಗಿ ಬಾಗಿಲಾ ತೆರದದ ನೋಡ್ರಿ," ಎಂದೆ.

ಗಯಾಬಾಯಿ ಲೋಟ ತೆಗೆದುಕೊಂಡು ಕುಡಿದಳು. ಲೋಟ ಖಾಲಿಯಾಗುವವರೆಗೂ ರುಕ್ಮಾ ಎದುರಿಗೆ ನೆಟ್ಟಗೆ ನಿಂತಿದ್ದಳು, ಥೇಟ್ ನನ್ನ ಹಾಗೆ. ನನ್ನ ಎದೆ ತುಂಬಿತು.

ಕೊಡ ಹೊತ್ತು ದಿನವೂ ಆ ಕಳ್ಳರ ಬಳಿಗೇ ಮರಳಿ ಈ ಮನೆಯನ್ನು ಉಳಿಸಿದವಳು ಅವಳು. ಬೆಂಕಿಗೆ ಹೆದರಿದ್ದು ನಮಗಾಗಿ. ಆದರೆ ನಾನು ಒಳಗೆ ಕರೆಯುವುದಿಲ್ಲವೆಂಬುದನ್ನು ನಂಬಿದ್ದು, ನನ್ನನ್ನು ಬಲ್ಲವಳಾದ್ದರಿಂದ. ನಾಳೆ ಬೆಳಿಗ್ಗೆ ಬೀಗದ ಕೈಗೊಂಚಲನ್ನು ಅವಳ ಸೊಂಟಕ್ಕೆ ನಾನೇ ಸಿಕ್ಕಿಸುತ್ತೇನೆ.