ಕೈಗವಸಿಲ್ಲದ ಸಂಕಲ್ಪ

ಅಜ್ಜಿಗೆ ನಮಸ್ಕಾರ. ಸ್ಲೊವೇನಿಯಾ ತಲುಪಿದ್ದೇನೆ.

ಮನಸ್ಸು ಗಟ್ಟಿಯಿದ್ದವನಿಗೆ ಕವಚ ಬೇಡವೆಂದು ನಾನು ಸದಾ ಓದುವ ಮನೋಬಲದ ಕಿರುಹೊತ್ತಿಗೆ ಸಾರುತ್ತದೆ. ಹಾಗಾಗಿ, ತಿರುವುಗಳಲ್ಲಿ ನೆಟ್ಟ ಕಂಬಗಳನ್ನು ಮುಷ್ಟಿಯಿಂದ ಬಡಿದು ಸರಿಸುತ್ತ ಇಳಿಯುವ ಇಂದಿನ ಸ್ಕೀ ಸ್ಪರ್ಧೆಗೆ ಬರಿಗೈಯಲ್ಲೇ ಹೊರಟೆ.

"ಕಂಬ ಬಡಿದಾಗ ಆ ಪುಸ್ತಕಾನೇ ಕೈಗೆ ಸುತ್ಕೋ, ಮಹಾತ್ಮ!" ಎಂದರು ಕೋಚ್ ರಾಂಗೆಲ್.

ಓಟಕ್ಕೆ ಮುಂಚೆ ನಾವೆಲ್ಲ ಕಣ್ಣು ಮುಚ್ಚಿ, ಕೈಯಾಡಿಸುತ್ತ, ಮನಸ್ಸಿನಲ್ಲೇ ಇಳಿಜಾರು ಇಳಿಯುತ್ತೇವಲ್ಲ? ಪಕ್ಕದಲ್ಲಿದ್ದ ಸಹಸ್ಪರ್ಧಿ ಮತೇಯ್ ತನ್ನ ಮನಸ್ಸಿನ ಯಾವುದೋ ತಿರುವಿನಲ್ಲಿ ಕವಚ ತೊಟ್ಟ ಮುಷ್ಟಿಯಿಂದ ನನ್ನ ಬೆರಳಿಗೆ ಬಡಿದ. ಕಣ್ಣು ತೆರೆಯದೆಯೇ, "ಅಯ್ಯೋ, ಈ ಕಂಬ ಕಿರುಚ್ತದೆ ಕಣ್ರೋ!" ಎಂದ.

ಮೂಳೆ ಮುರಿದಿಲ್ಲ, ಬೆರಳು ಬದನೆಕಾಯಿಯಾಗಿದೆ. ರಾಂಗೆಲ್ ಅವರ ಕೈಗವಸು ತೊಟ್ಟೇ ಗುರಿ ಮುಟ್ಟಿದೆ. ಸಿದ್ಧಾಂತ ಸರಿಯಾಗಿಯೇ ಇದೆ. ಪಕ್ಕದವನ ಮನಸ್ಸಿನ ಬಗ್ಗೆ ಮಾತ್ರ ಹೊತ್ತಿಗೆಯಲ್ಲಿ ಒಂದಕ್ಷರವಿಲ್ಲ.

ಮಂಚದಡಿ ಎಸೆದು ಬಂದ ನನ್ನ ಕೈಗವಸನ್ನು ಬೇಗ ಕಳಿಸು. ಹೊತ್ತಿಗೆಯ ಎರಡನೇ ಭಾಗವನ್ನೂ ಅದರೊಳಗೇ ತುರುಕು.

ಎಡಗೈಯಲ್ಲಿ ಬರೆದ,
ಯಾಸೆನ್