ಬಣ್ಣ ಒಣಗದ ಕೋಣೆ

ಅಣ್ಣಾ,

ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಹೇಳದೆ ಇರಲಾರೆ. ಇವತ್ತು ಆಡಿಟರ್ ಹತ್ತಿರ ಹೋಗಿದ್ದೆ. ಹಾಸಿಗೆ ಹಿಡಿದ ತಾಯಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದಂತೆ. ಬಿಟ್ಟುಹೋಗಿದ್ದರೆ ಈಗಲೂ ಕೇಳಬಹುದಂತೆ. ಅಮ್ಮನ ಬೆನ್ನಿನ ಹುಣ್ಣು ತೊಳೆದ ಕೈಯಿಂದಲೇ ಅರ್ಜಿಗೆ ಸಹಿ ಹಾಕಿದೆ.

ನಿನ್ನ ತೆರಿಗೆ ಲೆಕ್ಕವನ್ನೂ ನೋಡುವ ಆಡಿಟರ್ ಕಂಪ್ಯೂಟರ್ ನೋಡಿ ತಡವರಿಸಿದರು. "ಇದು ನಿಮಗೆ ಬರಲ್ಲಮ್ಮ. ನಿಮ್ಮಣ್ಣ ಮೂರು ವರ್ಷವೂ ತಗೊಂಡಿದ್ದಾರೆ. ತಾಯಿ ಅವರ ಮನೇಲೇ ಇದ್ರು ಅಂತ ಇದೆ."

"ಹೌದು, ನಾನೇ ಮರೆತಿದ್ದೆ," ಅಂದೆ. ನಿನ್ನ ಮಾನ ಮುಚ್ಚುವ ಚಾಳಿ ನನಗಿನ್ನೂ ಹೋಗಿಲ್ಲ.

"ನಮ್ಮನೇಲಿ ಜಾಗ ಇಲ್ಲ ಕಣೇ" ಅಂತ ನೀನು ಫೋನಿನಲ್ಲಿ ಅಂದಾಗಲೆಲ್ಲ ನಂಬಿದೆ. ನಿನ್ನ ಅರ್ಜಿಯಲ್ಲಿ ಮಾತ್ರ ಧಾರಾಳವಾಗಿ ಜಾಗ ಇತ್ತು ನೋಡು. ಅಮ್ಮನಿಗೆ ನಾನು, "ಅಣ್ಣ ನಿನ್ನ ಕೋಣೆಗೆ ಬಣ್ಣ ಬಳಿಸ್ತಿದ್ದಾನೆ, ಒಣಗಿದ ಕೂಡಲೇ ಕರ್ಕೊಂಡು ಹೋಗ್ತಾನೆ" ಎಂದು ಸುಳ್ಳು ಹೇಳುತ್ತಿದ್ದೆ. ಬಟ್ಟೆಯ ಚೀಲವನ್ನು ಕೊನೆಯವರೆಗೂ ಅವಳು ತಲೆದೆಸೆಯಲ್ಲೇ ಇಟ್ಟುಕೊಂಡಿದ್ದಳು.

ದುಡ್ಡು ಹಾಳಾಗಿ ಹೋಗಲಿ. ಆಗಲೇ ನನಗೊಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ, "ಯಾವಾಗ ಕರ್ಕೊಂಡು ಹೋಗ್ತಾನೆ" ಅಂತ ಅವಳು ಕೇಳಿದಾಗಲೆಲ್ಲ ಬಣ್ಣದ ಸುಳ್ಳಿನ ಬದಲು, "ಅಣ್ಣ ನಿನ್ನನ್ನ ಕರ್ಕೊಂಡು ಹೋಗಿ ಮೂರು ವರ್ಷ ಆಯ್ತಲ್ಲಮ್ಮ" ಅನ್ನುತ್ತಿದ್ದೆ.